ಎರಡು ಬೆರಳು ಪಕ್ಕಕ್ಕೆ

ಅನುಮಾನ ನನ್ನ ಹುಟ್ಟುಗುಣ. ಅಂಗಡಿಯವನು ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ಪೊಟ್ಟಣ ಎತ್ತಿದರೆ ಮತ್ತೆ ಇಡಿಸುತ್ತೇನೆ. ಡಾಕ್ಟರು ಜ್ವರ ಇಲ್ಲ ಎಂದರೆ ಅವರ ಥರ್ಮಾಮೀಟರನ್ನು ಕೈಗೆ ತೆಗೆದುಕೊಂಡು ನೋಡುತ್ತೇನೆ. ಕಾರ್ಖಾನೆಯಲ್ಲಿ ಬೆನ್ನ ಹಿಂದೆ ನನ್ನನ್ನು ಅನುಮಾನಪ್ಪ ಎನ್ನುತ್ತಾರೆ. ಹಾಗೇನಾದರೂ ಒಂದು ಹೆಸರಿಟ್ಟಿರಬೇಕು ಎಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. ವಿಚಾರಿಸಿದೆ, ನಿಜವೇ ಆಗಿತ್ತು.

"ತಾನು ಕಳ್ಳ ಪರರ ನಂಬ ಅಂತ ಗಾದೆ ಮಾಡಿದವರು ನಿಮ್ಮನ್ನ ನೋಡೇ ಮಾಡಿರ್ಬೇಕು" ಎನ್ನುತ್ತಾಳೆ ನನ್ನ ಹೆಂಡತಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಉಕ್ಕನ್ನು ಪರೀಕ್ಷೆ ಮಾಡಿ ಅನ್ನ ತಿನ್ನುವವನಿಗೆ ಅನುಮಾನವೇ ಬಂಡವಾಳ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ದಪ್ಪ ಅಕ್ಷರದಲ್ಲಿ ಬರೆದು ನನ್ನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಮೂವತ್ತು ವರ್ಷದಲ್ಲಿ ಮೂವತ್ತೊಂದು ಜನಕ್ಕೆ ಈ ಕೆಲಸ ಕಲಿಸಿದ್ದೇನೆ, ಎಲ್ಲರಿಗೂ ಮೊದಲ ದಿನ ಆ ಗೋಡೆ ತೋರಿಸಿಯೇ ಶುರು ಮಾಡಿದ್ದು.

ನಮ್ಮದು ನೆಲದಾಳದ ಗ್ಯಾಸನ್ನು ತೊಳೆದು ಕಳಿಸುವ ಕಾರ್ಖಾನೆ. ಏಳು ವರ್ಷದ ಹಿಂದಿನವರೆಗೂ ಬಾವಿಗಳ ಗ್ಯಾಸ್ ಸಾಧುವಾಗಿತ್ತು. ಬಾವಿಗಳಿಗೆ ವಯಸ್ಸಾದಂತೆ ಅದು ಕೆಟ್ಟಿತು. ಈಗ ಒದ್ದೆಯಾಗಿ, ಕೊಳೆತ ಮೊಟ್ಟೆಯ ವಾಸನೆ ಹೊತ್ತು ಬರುತ್ತದೆ. ಆ ವಾಸನೆ ಬಂದರೆ ಹುಷಾರಾಗಬೇಕು, ಬರುತ್ತಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಓಡಬೇಕು. ಗ್ಯಾಸ್ ಹೆಚ್ಚಾದಾಗ ಮೊದಲು ಸಾಯುವುದು ಮೂಗು, ಅದರ ಹಿಂದೆಯೇ ಮೂಗಿನ ಯಜಮಾನ.

ಬಾವಿಯಿಂದ ಬಂದ ಗ್ಯಾಸ್ ಮೊದಲು ಹೊಗುವುದು ಅಡ್ಡ ಮಲಗಿರುವ ಒಂದು ಭಾರೀ ಉಕ್ಕಿನ ಪೀಪಾಯಿಗೆ. ಅಲ್ಲಿ ನೀರು ಕೆಳಗೆ ಕೂರುತ್ತದೆ, ಗ್ಯಾಸ್ ಮೇಲಿನಿಂದ ಮುಂದಕ್ಕೆ ಹೋಗುತ್ತದೆ. ಕಪ್ಪು ಬಣ್ಣ, ಗಿಡ್ಡ ಕಾಲು, ಉಬ್ಬಿದ ಹೊಟ್ಟೆ. ಎಲ್ಲರೂ ಅದನ್ನು ಎಮ್ಮೆ ಎಂದೇ ಕರೆಯುತ್ತಾರೆ. ಎಮ್ಮೆಯ ಚರ್ಮ ಇಪ್ಪತ್ತೆರಡು ಮಿಲಿಮೀಟರ್ ದಪ್ಪದ ಉಕ್ಕು. ಅದಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಕಂಟ್ರೋಲ್ ರೂಮು, ಅದರೊಳಗೆ ಯಾವ ಹೊತ್ತಿನಲ್ಲೂ ಆರು ಜನ.

ಚರ್ಮ ತೆಳುವಾಗುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಹೊರಗಿನಿಂದ ಅಳೆಯುತ್ತಾರೆ. ಎಮ್ಮೆಯ ಮೈಮೇಲೆ ಬಿಳಿ ಬಣ್ಣದ ನಲವತ್ತೆಂಟು ಸುತ್ತುಗಳಿವೆ. ಒಂದೊಂದು ಸುತ್ತಿಗೂ ಜೆಲ್ ಹಚ್ಚಿ, ಅಂಗೈಯಗಲದ ಪೆಟ್ಟಿಗೆಯೊಂದಕ್ಕೆ ತಂತಿಯಲ್ಲಿ ಜೋತುಬಿದ್ದ ಬಟನ್ನನ್ನು ಅಲ್ಲಿ ಒತ್ತಬೇಕು. ಕಿವಿಗೆ ಕೇಳದಂಥ ಸದ್ದು ಉಕ್ಕಿನ ಆ ಬದಿಯವರೆಗೆ ಹೋಗಿ ಮರಳುತ್ತದೆ, ಪೆಟ್ಟಿಗೆ ಇಪ್ಪತ್ತೆರಡು ಎನ್ನುತ್ತದೆ. ಉಕ್ಕು ನಡುವೆ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಸದ್ದು ಅರ್ಧದಿಂದಲೇ ಮರಳಿ ಬರುತ್ತದೆ, ಪೆಟ್ಟಿಗೆ ಹನ್ನೊಂದು ಎನ್ನುತ್ತದೆ.

ಈ ಹೊರಗಿನ ಅಳತೆ ನನ್ನ ಅಳಿಯನ ಕೆಲಸ. ಅಳಿಯನಾಗುವ ಮೊದಲು ಅವನು ನನ್ನ ಶಿಷ್ಯ, ಮೂವತ್ತೊಂದು ಜನರಲ್ಲಿ ಕೊನೆಯವನು. ಪಾಠ ಕಲಿಯಲು ಬಂದವನು ಮೇಷ್ಟರ ಮಗಳನ್ನೇ ಕರೆದುಕೊಂಡು ಹೋದ ಎಂದು ತಮಾಷೆಗೆ ಹೇಳುವುದುಂಟು. ಪೂರ್ತಿ ತಮಾಷೆಯೂ ಅಲ್ಲ. ಅವನಿಗೆ ಮಾತು ಕಡಿಮೆ. ಮಾತು ಕಡಿಮೆ ಇರುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂಬುದು ನನ್ನ ಸಿದ್ಧಾಂತ.

ಆರು ವರ್ಷಕ್ಕೊಮ್ಮೆ ಎಮ್ಮೆಯನ್ನು ನಿಲ್ಲಿಸಿ, ಖಾಲಿ ಮಾಡಿ, ತೊಳೆದು, ಒಳಗಿನಿಂದ ನೋಡುತ್ತಾರೆ. ಹೊರಗೆ ಅಳೆದವನು ಒಳಗೆ ನೋಡಬಾರದು ಎಂದು ನಿಯಮ. ಹಾಗಾಗಿ ಈ ಸಲ ಒಳಗೆ ಹೋಗುವ ಸರದಿ ನನಗೆ ಬಂತು.

ಶುಕ್ರವಾರ ಬೆಳಗ್ಗೆ ಗಾಳಿಯನ್ನು ಎರಡು ಸಲ ಪರೀಕ್ಷೆ ಮಾಡಿಸಿದೆ. ಎಮ್ಮೆಯೊಳಗೆ ಇಳಿಯುವ ಕಂಡಿಯ ಬಾಯಿ ಕಾಯುವವನು ಒಂದೇ ಸಲ ಮಾಡಿ ಎರಡು ಎನ್ನುತ್ತಿದ್ದಾನೆಂದು ಅನಿಸಿ ಮೂರನೆಯ ಸಲವೂ ಮಾಡಿಸಿದೆ. ಆಮೇಲೆ ಮಂಡಿ ಊರಿ ಒಳಗೆ ನುಗ್ಗಿದೆ. ಗ್ಯಾಸ್ ಬಿಟ್ಟುಹೋದ ಕಪ್ಪು ಕೆಸರು ಒಣಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆಂದು ಗೋಡೆಗಳನ್ನು ಒದ್ದೆಯಾಗಿಯೇ ಇಟ್ಟಿದ್ದರು. ನೇರ ಬೆಳಕು ಬಿಟ್ಟರೆ ಎಲ್ಲ ನುಣ್ಣಗೆ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಕೆನ್ನೆ ಹಚ್ಚಿದಂತೆ ಮಲಗಿಸಬೇಕು, ಆಗ ಸಾಸಿವೆಯಷ್ಟು ಉಬ್ಬಿದ್ದರೂ ಅದರ ನೆರಳು ಉದ್ದವಾಗಿ ಬೀಳುತ್ತದೆ.

ನೆರಳು ಬಿತ್ತು. ಒಂದಲ್ಲ, ಗೋಡೆಯ ಉದ್ದಕ್ಕೂ. ಕೈಗವಸು ತೆಗೆದು ಅಂಗೈ ಆಡಿಸಿದೆ. ಸುಟ್ಟ ಗಾಯದ ಬೊಬ್ಬೆಯ ಹಾಗೆ ಉಕ್ಕು ಎದ್ದಿತ್ತು. ಕೆಲವು ಅಂಗಿಯ ಗುಂಡಿಯಷ್ಟು, ಕೆಲವು ತಟ್ಟೆಯಷ್ಟು.

ಹೊರಗೆ ಬಂದು ಪೆಟ್ಟಿಗೆ ತರಿಸಿಕೊಂಡು ಹದಿನಾಲ್ಕನೆಯ ಸುತ್ತಿನ ಮೇಲೆ ಬಟನ್ ಒತ್ತಿದೆ. ಹನ್ನೊಂದು. ಕೈ ತಾನಾಗಿ ಎರಡು ಬೆರಳು ಸರಿಯಿತು. ಹನ್ನೊಂದು. ಮತ್ತೆರಡು ಬೆರಳು. ಹನ್ನೊಂದೂವರೆ. ಒಂದು ಗೇಣು ದಾಟಿದ ಮೇಲೆ ಇಪ್ಪತ್ತೆರಡು ಬಂತು.

ಆಫೀಸಿಗೆ ಹೋಗಿ ಆರು ವರ್ಷದ ಅಳತೆಯ ಹಾಳೆಗಳನ್ನು ತೆಗೆಸಿದೆ. ಹದಿನಾಲ್ಕನೆಯ ಸುತ್ತು: ಇಪ್ಪತ್ತೆರಡು ಪಾಯಿಂಟ್ ಒಂದು, ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೊಂದು ಪಾಯಿಂಟ್ ಒಂಬತ್ತು, ಇಪ್ಪತ್ತೆರಡು, ಇಪ್ಪತ್ತೆರಡು. ಹದಿನೈದು, ಇಪ್ಪತ್ತೇಳು, ಮೂವತ್ತು, ಎಲ್ಲವೂ ಹಾಗೇ. ಆರು ವರ್ಷ ಎಮ್ಮೆಗೆ ಒಂದು ನೆಗಡಿಯೂ ಆಗಿಲ್ಲ. ಎಲ್ಲದರ ಕೆಳಗೆ ಅಳಿಯನ ಸಹಿ, ಮಗುವಿನ ಕೈಬರಹದಷ್ಟು ಸ್ಪಷ್ಟವಾಗಿ.

ನಮ್ಮ ಕಸುಬಿನಲ್ಲಿ ಒಂದು ಬೈಗುಳ ಇದೆ, ಕುರ್ಚಿ ಅಳತೆ. ಉಕ್ಕಿನ ಹತ್ತಿರ ಹೋಗದೆ, ನೆರಳಲ್ಲಿ ಕುರ್ಚಿ ಹಾಕಿಕೊಂಡು ಹೋದ ವರ್ಷದ ಅಂಕಿಗಳನ್ನೇ ಚೂರು ಆಚೀಚೆ ಮಾಡಿ ಬರೆಯುವುದು. ಅಪ್ಪ ಅಮ್ಮನನ್ನು ಬೈದರೂ ಸಹಿಸಬಹುದು, ಇದನ್ನು ಸಹಿಸುವವರಿಲ್ಲ. ಒಬ್ಬನ ಮೇಲೆ ಅದು ಸಾಬೀತಾದರೆ ಅವನ ಸರ್ಟಿಫಿಕೇಟ್ ರದ್ದು, ಜೀವಮಾನದಲ್ಲಿ ಮತ್ತೆ ಯಾವ ಕಾರ್ಖಾನೆಯ ಗೇಟೂ ಅವನಿಗೆ ತೆರೆಯುವುದಿಲ್ಲ. ಆ ಸಹಿಯನ್ನು ನೋಡುತ್ತ ನನಗೆ ಬೇರೆ ಯಾವ ಪದವೂ ಹೊಳೆಯಲಿಲ್ಲ.

ಅವನು ಪಕ್ಕದ ಶೆಡ್ಡಿನಲ್ಲೇ ಇದ್ದ. ಕೇಳಿದೆ.

"ಎಮ್ಮೆ ಅಳತೆ ನೀನೇ ತಗೊಂಡಿದ್ದಾ?"

"ಹೌದು ಮಾವ."

"ಒಂದೊಂದು ಸುತ್ತಿಗೂ ಹೋಗಿ?"

"ಒಂದೊಂದು ಸುತ್ತಿಗೂ."

"ಹಂಗಾದ್ರೆ ಹದಿನಾಲ್ಕರಲ್ಲಿ ಇಪ್ಪತ್ತೆರಡು ಹೆಂಗೆ ಬಂತಪ್ಪ?"

ಅವನು ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಅಳೆಯುವಾಗ ಜೇಬಲ್ಲಿ ಸಣ್ಣ ಪುಸ್ತಕ ಇಟ್ಕೊಂಡು ಬರ್ಕೊಳ್ತೀಯಲ್ಲ, ಅದನ್ನ ತೋರಿಸು."

"ಅದು ಇಲ್ಲ ಮಾವ."

"ಇಲ್ಲ ಅಂದ್ರೆ? ಕಳೆದುಹೋಯ್ತಾ, ಇರಲೇ ಇಲ್ವಾ?"

"ಇಲ್ಲ" ಎಂದಷ್ಟೇ ಹೇಳಿ ಒರೆಸಿದ ಪೆಟ್ಟಿಗೆಯನ್ನೇ ಮತ್ತೆ ಒರೆಸತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ನಿಜವಾಗಿ ಅಳೆದವನ ಪುಸ್ತಕ ಜೆಲ್ ಮತ್ತು ತುಕ್ಕು ಮೆತ್ತಿಕೊಂಡು ರೊಟ್ಟಿಯಾಗಿರುತ್ತದೆ. ಕುರ್ಚಿ ಅಳತೆಯವನಿಗೆ ಮಾತ್ರ ಪುಸ್ತಕ ಬೇಕಾಗುವುದಿಲ್ಲ.

ಸಂಜೆ ಹೆಂಡತಿಗೆ ಹೇಳಿದೆ. ಉಕ್ಕು ಹೇಗೆ ಉಬ್ಬುತ್ತದೆ ಎಂದು ಕೇಳಿದಳು.

"ಈ ಕೆಟ್ಟ ಗ್ಯಾಸು ನೀರಿನ ಜೊತೆ ಸೇರಿ ಉಕ್ಕನ್ನ ಕಡಿಯುತ್ತೆ. ಕಡಿದಾಗ ಹೈಡ್ರೋಜನ್ ಹುಟ್ಟುತ್ತೆ. ಒಂಟಿ ಹೈಡ್ರೋಜನ್ ಎಷ್ಟು ಸಣ್ಣದು ಅಂದ್ರೆ ಗಟ್ಟಿ ಉಕ್ಕಿನೊಳಗೇ ನಡ್ಕೊಂಡು ಹೋಗುತ್ತೆ. ಉಕ್ಕು ಲಟ್ಟಿಸುವಾಗ ಅದರಲ್ಲಿರೋ ಕೊಳೆನೂ ಚಪ್ಪಟೆ ಆಗಿರುತ್ತಲ್ಲ, ಆ ಸಂದಿಯಲ್ಲಿ ಇನ್ನೊಂದು ಒಂಟಿ ಸಿಗುತ್ತೆ. ಎರಡೂ ಜೋಡಿ ಆಗುತ್ತವೆ. ಜೋಡಿ ಆದ್ಮೇಲೆ ದಪ್ಪ ಆಗಿ, ಬಂದ ದಾರೀಲಿ ವಾಪಸ್ ಹೋಗೋಕೆ ಆಗಲ್ಲ. ಅಲ್ಲೇ ಕೂತು ಜನ ಜಾಸ್ತಿಯಾಗಿ ಗೋಡೆ ತಳ್ಳುತ್ತವೆ."

"ಮದುವೆಯಾಗಿ ಮಾವನ ಮನೇಲೇ ಉಳ್ಕೊಂಡ ಹಾಗೆ" ಎಂದಳು.

"ನಗಬೇಡ. ಒಂದು ಪದರ ಬಿಟ್ಟದ್ದು ಮೇಲಿನ ಪದರಕ್ಕೆ ಮೆಟ್ಟಿಲ ಹಾಗೆ ಕೂಡ್ಕೊಳ್ತಾ ಹೋಗುತ್ತೆ. ಮೆಟ್ಟಿಲು ಹೊರಗಿನ ತನಕ ಬಂದ ದಿನ ಕಂಟ್ರೋಲ್ ರೂಮಿನ ಆರು ಜನ ಇರಲ್ಲ."

ಅವಳ ನಗು ನಿಂತಿತು. "ಅವನನ್ನೇ ಸರಿಯಾಗಿ ಕೂರಿಸ್ಕೊಂಡು ಕೇಳೋಕೆ ನಿಮಗೇನು ರೋಗ?"

"ಕೇಳಿದೆ. ಬಾಯಿ ಬಿಡಲ್ಲ."

"ನೀವು ಕೇಳೋ ರೀತಿಗೆ ನಾನೇ ಮೂವತ್ತೈದು ವರ್ಷದಿಂದ ಬಾಯಿ ಬಿಟ್ಟಿಲ್ಲ" ಎಂದಳು. ಇದು ಶುದ್ಧ ಸುಳ್ಳು, ಆದರೆ ವಾದ ಬೆಳೆಸುವ ಹುಮ್ಮಸ್ಸು ಇರಲಿಲ್ಲ.

ಶನಿವಾರ ಮ್ಯಾನೇಜರ್ ಕರೆಸಿದ. ತಲೆಗೆ ಎಣ್ಣೆ ಹಾಕಿ ಬಾಚಿದಷ್ಟೇ ನುಣುಪಾಗಿ ಮಾತಾಡುವ ಮನುಷ್ಯ. ಮೊದಲು, "ಅದು ಬಿರುಕಲ್ಲ, ಉಕ್ಕು ಹುಟ್ಟುವಾಗಲೇ ಇದ್ದ ಪದರ ಅಂತ ಬರೀಬಹುದಲ್ವಾ?" ಎಂದ.

"ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು" ಎಂದೆ. ಬೇರೆ ಗಾದೆ ನೆನಪಾಗಿದ್ದರೆ ಚೆನ್ನಾಗಿತ್ತು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಒಂದು ಫಾರಂ ನನ್ನ ಕಡೆ ತಳ್ಳಿದ.

"ಸರಿ, ಅಳಿಯನ ವಿಷಯಕ್ಕೇ ಬರೋಣ. ಇಲ್ಲೊಂದು ಪ್ರಶ್ನೆ ಇದೆ ನೋಡಿ. 'ಹಿಂದಿನ ಅಳತೆಗಳು ನಂಬಲು ಅರ್ಹವೇ?' ನೀವು 'ಇಲ್ಲ, ಕುರ್ಚಿ ಅಳತೆ' ಅಂತ ಬರೆದ್ರೆ ಮುಗೀತು. ಒಬ್ಬ ಮನುಷ್ಯ ತಪ್ಪು ಮಾಡಿದ, ಕಾರ್ಖಾನೆಯದ್ದೇನೂ ತಪ್ಪಿಲ್ಲ. ಸ್ವಂತ ಮಾವನೇ ಬರೆದ ಮೇಲೆ ಯಾರೂ ಅನುಮಾನ ಪಡಲ್ಲ."

ಸೋಮವಾರ ಮಧ್ಯಾಹ್ನದೊಳಗೆ ಕೊಡಬೇಕು ಎಂದ. ನನಗೆ ಆ ಮನುಷ್ಯನ ಮೇಲೆ ತಕ್ಷಣ ಅನುಮಾನ ಬಂತು. ನನ್ನ ಕೈಯಿಂದ ಕೆಂಡ ತೆಗೆಸಲು ಇಷ್ಟು ಆತುರ ಯಾಕೆ? ಆದರೆ ಮ್ಯಾನೇಜರ್ ಕಳ್ಳನೆಂದ ಮಾತ್ರಕ್ಕೆ ಅಳಿಯ ಸಾಚಾ ಆಗುವುದಿಲ್ಲವಲ್ಲ. ಇಬ್ಬರೂ ಕಳ್ಳರಿರಬಹುದು.

ಸ್ಟೋರಿಗೆ ಹೋದೆ. ಸ್ಟೋರ್‌ಕೀಪರ್ ರಿಜಿಸ್ಟರ್ ತಿರುವಿ, ಅಳಿಯ ಪ್ರತಿ ವರ್ಷ ಜೆಲ್ ತೆಗೆದುಕೊಂಡಿದ್ದಾನೆ ಎಂದ. ಮೊದಲ ವರ್ಷ ಎರಡು ಬಾಟಲಿ, ಹೋದ ವರ್ಷ ಒಂಬತ್ತು. "ನಾನೇ ತಮಾಷೆ ಮಾಡಿದ್ದೆ, ತಲೆಗೆ ಹಚ್ಕೊಳ್ತೀಯಾ ಅಂತ." ಅಷ್ಟೇ ಸುತ್ತು, ಅದೇ ಎಮ್ಮೆ, ಒಂಬತ್ತು ಬಾಟಲಿ! ಎಲ್ಲೋ ಚೆಲ್ಲಿ, ಅಳೆದೆ ಎಂದು ತೋರಿಸಿಕೊಳ್ಳಲು ಮಾಡಿದ ಉಪಾಯ ಎಂದು ನನ್ನ ಬುದ್ಧಿ ಹೇಳಿತು. ಬುದ್ಧಿಗೆ ಒಂದು ಸಲ ದಾರಿ ಸಿಕ್ಕರೆ ಎಲ್ಲ ಗುರುತೂ ಅದೇ ಊರಿಗೆ ಹೋಗುತ್ತದೆ.

ಭಾನುವಾರ ಮಗಳ ಮನೆಯಲ್ಲಿ ಊಟ. ಎರಡು ಕೋಣೆಯ ಮನೆ, ಕಿಟಕಿಯಲ್ಲಿ ಒಣಗಲು ಹಾಕಿದ ಅವನ ನೀಲಿ ಅಂಗಿ. ಊಟ ಮಾಡುವಾಗ ಅವನು ನನ್ನ ಕಡೆ ತಿರುಗಲಿಲ್ಲ, ನಾನೂ ಅನ್ನದಿಂದ ಕಣ್ಣೆತ್ತಲಿಲ್ಲ. ಹೆಂಗಸರಿಬ್ಬರೂ ಅಗತ್ಯಕ್ಕಿಂತ ಜೋರಾಗಿ ಮಾತಾಡಿದರು. ಆಮೇಲೆ ಅವನು ಹಿತ್ತಲಿಗೆ ಹೋಗಿ ಸೈಕಲ್ ಚೈನ್ ಬಿಚ್ಚಿದ. ಹೆಂಡತಿ ಪಾತ್ರೆಗೆ ನಿಂತಳು. ನಾನು ಕೈ ಒರೆಸಿಕೊಳ್ಳುವ ನೆಪ ಮಾಡಿ ಒಳಕೋಣೆಗೆ ಹೋದೆ.

ಅವನ ಕೆಲಸದ ಚೀಲ ಬೀರುವಿನ ಮೇಲಿತ್ತು. ಸ್ಟೂಲ್ ಹತ್ತಿ ಅಲ್ಲೇ ತೆರೆದೆ. ಒಂದು ಸ್ಕ್ರೂಡ್ರೈವರ್, ಹಳೆಯ ಕೈಗವಸು, ಬಿಸ್ಕತ್ತಿನ ಪೊಟ್ಟಣ. ಬದಿಯ ಜೇಬಿಗೆ ಕೈ ಹಾಕುತ್ತಿದ್ದಾಗ ಬಾಗಿಲಲ್ಲಿ ಮಗಳು ನಿಂತಿದ್ದಳು.

"ಏನು ಹುಡುಕ್ತಿದ್ದೀರಿ ಅಪ್ಪ?"

ಅರವತ್ತು ತುಂಬುತ್ತ ಬಂದ ಮನುಷ್ಯ ಅಳಿಯನ ಚೀಲದೊಳಗೆ ಮೊಣಕೈವರೆಗೆ ಕೈ ಬಿಟ್ಟುಕೊಂಡು ಸ್ಟೂಲಿನ ಮೇಲೆ ನಿಂತಿದ್ದಾಗ ಹೇಳಲು ಏನಿರುತ್ತದೆ? ನನಗೆ ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ರೇಗಿದೆ.

"ನಿನ್ನ ಗಂಡ ಕುರ್ಚಿ ಅಳತೆ ಮಾಡಿದ್ದಾನೆ! ಆರು ಜನರ ಪ್ರಾಣದ ಜೊತೆ ಆಟ ಆಡಿದ್ದಾನೆ. ನಾಳೆ ನಾನು ಬರೀಲೇಬೇಕು. ಅವನು ಅಳೆದಿದ್ದಾನೆ ಅನ್ನೋದಕ್ಕೆ ಒಂದು ಚೂರು ಕಾಗದ ಸಿಗುತ್ತಾ ಅಂತ ನೋಡ್ತಿದ್ದೀನಿ, ಸಾಕಾ?"

ಅವಳ ಮುಖ ಬಿಳಿಚಿತು. ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬದ ಹಿಂದಿನಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಪುಸ್ತಕ ತಂದಳು.

"ಶುಕ್ರವಾರ ಬಂದು, ಇದನ್ನ ಸುಟ್ಟುಹಾಕು ಅಂದ್ರು. ಯಾಕೆ ಅಂದ್ರೆ ಹೇಳಲಿಲ್ಲ. ನಾನೂ ನಿಮ್ಮ ಮಗಳಲ್ವಾ, ಅನುಮಾನ ಬಂತು. ಸುಡಲಿಲ್ಲ." ಪುಸ್ತಕವನ್ನು ನನ್ನ ಕೈಗಿತ್ತಳು. "ಇದರಲ್ಲಿ ಏನಿದೆಯೋ ನನಗೆ ಅರ್ಥ ಆಗಲ್ಲ. ಆದ್ರೆ ಅವರು ಸುಳ್ಳು ಬರೆಯೋರಲ್ಲ ಅಪ್ಪ. ಪ್ರಮಾಣಿಸಿ ನೋಡಿ."

ಪುಸ್ತಕ ಜೆಲ್ ಮೆತ್ತಿಕೊಂಡು ಗಟ್ಟಿಯಾಗಿತ್ತು, ಅಂಚು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಕುರ್ಚಿಯ ಮೇಲೆ ಕುಳಿತು ಬರೆದ ಪುಸ್ತಕವಲ್ಲ ಎಂದು ಮೂಸಿದರೇ ತಿಳಿಯುತ್ತಿತ್ತು. ಆದರೂ ಸಮಾಧಾನವಾಗಲಿಲ್ಲ. ನಿಜವಾದ ಅಳತೆಯ ಪುಸ್ತಕವಾದರೆ ಸುಡು ಎಂದು ಯಾಕೆ ಹೇಳಬೇಕು?

ಮನೆಗೆ ತಂದು ತೆರೆದೆ. ಎಷ್ಟೋ ಸುತ್ತುಗಳ ಅಂಕಿಯ ಪಕ್ಕದಲ್ಲಿ ಸಣ್ಣ ಬಾಣದ ಗುರುತು, ಬಾಣದ ಮುಂದೆ ಒಂದು ಸಂಖ್ಯೆ. ಹದಿನಾಲ್ಕು: ಇಪ್ಪತ್ತೆರಡು, ಬಲಕ್ಕೆ ಬಾಣ, ೨. ಮುಂದಿನ ವರ್ಷ: ಇಪ್ಪತ್ತೆರಡು, ಬಲಕ್ಕೆ ಬಾಣ, ೩. ಅದರ ಮುಂದಿನ ವರ್ಷ ೫. ಕೊನೆಯ ವರ್ಷದಲ್ಲಿ ಸಂಖ್ಯೆಯ ಬದಲು 'ಗೇಣು' ಎಂದಿತ್ತು. ಮೊದಲ ವರ್ಷದ ನಲವತ್ತೆಂಟರಲ್ಲಿ ಒಂದಕ್ಕೂ ಬಾಣವಿಲ್ಲ, ಎರಡನೆಯ ವರ್ಷ ಮೂರಕ್ಕೆ, ಕೊನೆಯ ವರ್ಷ ಇಪ್ಪತ್ತಾರಕ್ಕೆ. ಏನಿದು ಗುಪ್ತ ಲಿಪಿ? ಯಾರಿಗೆ ಬರೆದ ಲೆಕ್ಕ? ಮೊದಲ ಎರಡು ಹಾಳೆ ಜೆಲ್ಲಿಗೆ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರಲಿಲ್ಲ.

ಸೋಮವಾರ ಬೆಳಗ್ಗೆ ಎಮ್ಮೆಯ ಹತ್ತಿರ ಒಬ್ಬನೇ ಹೋದೆ. ಪುಸ್ತಕವನ್ನು ಅದರ ಬೆನ್ನ ಮೇಲಿಟ್ಟು ಹದಿನಾಲ್ಕರಿಂದ ಶುರು ಮಾಡಿದೆ. ಸುತ್ತಿನೊಳಗೆ ಹನ್ನೊಂದು. ಬಲಕ್ಕೆ ಒಂದು ಗೇಣು ಬಟನ್ ಎಳೆದೆ, ಅಂಚಿನಲ್ಲಿ ಹನ್ನೊಂದು ಇಪ್ಪತ್ತೆರಡಕ್ಕೆ ಹಾರಿತು. ಇಪ್ಪತ್ತೇಳರಲ್ಲಿ ಬಾಣ ಮೇಲಕ್ಕೆ, ಆರು ಬೆರಳು. ಆರು ಬೆರಳಿನ ಮೇಲೆ ಹಾರಿತು. ಮೂವತ್ತರಲ್ಲಿ ಎಡಕ್ಕೆ ನಾಲ್ಕು. ಅಲ್ಲೂ ಹಾರಿತು. ನಾಲ್ಕು ಸುತ್ತು ನೋಡುವಷ್ಟರಲ್ಲಿ ನನ್ನ ಜೆಲ್ ಬಾಟಲಿ ಖಾಲಿಯಾಯಿತು.

ಆಗ ತಿಳಿಯಿತು, ಒಂಬತ್ತು ಬಾಟಲಿ ಎಲ್ಲಿಗೆ ಹೋಯಿತೆಂದು. ಅವನು ಒಂದೊಂದು ಸುತ್ತಿಗೂ ಬಂದಿದ್ದ. ಅರ್ಧ ಬಂದಾಗ ಪಕ್ಕಕ್ಕೆ ಸರಿಸಿದ್ದ, ಮತ್ತೆ ಅರ್ಧ ಬಂದರೆ ಮತ್ತೂ ಸರಿಸಿದ್ದ, ಪೂರ್ತಿ ಬಂದ ಕಡೆ ನಿಂತು ಆ ಅಂಕಿ ಬರೆದಿದ್ದ. ಫಾರಂನಲ್ಲಿ ಒಂದು ಸುತ್ತಿಗೆ ಒಂದೇ ಚೌಕ. ಚೌಕಕ್ಕೆ ಅಂಕಿ ಹೋಯಿತು, ಬಾಣ ಅವನ ಜೇಬಿನಲ್ಲಿ ಉಳಿಯಿತು. ವರ್ಷ ವರ್ಷಕ್ಕೂ ಬಿರುಕು ಎಷ್ಟು ಬೆರಳು ಬೆಳೆಯಿತು ಎಂಬ ಲೆಕ್ಕವನ್ನು ಅವನು ಅಚ್ಚುಕಟ್ಟಾಗಿ ಇಟ್ಟಿದ್ದ, ಅದು ಬಿರುಕಿನ ಲೆಕ್ಕ ಎಂದೇ ತಿಳಿಯದೆ.

ಅಳೆದಿದ್ದಾನೆ, ಆದರೆ ಇಂಥ ಹೆಡ್ಡತನವೇ! ಅರ್ಧ ಬಂದ ಕಡೆ ನಿಂತು ಯಾಕೆ ಅರ್ಧ ಎಂದು ಕೇಳಬೇಡವೇ? ಯಾವ ಮುಠ್ಠಾಳ ಇವನಿಗೆ ಸರಿಸಲು ಹೇಳಿಕೊಟ್ಟ? ಸಿಟ್ಟಿನಲ್ಲಿ ಚಾಕು ತೆಗೆದು ಅಂಟಿಕೊಂಡಿದ್ದ ಹಾಳೆಗಳ ನಡುವೆ ತೂರಿಸಿದೆ. ಪರಪರ ಎಂದು ಬಿಟ್ಟುಕೊಂಡವು.

'ಮೇಷ್ಟ್ರು ಹೇಳಿದ್ದು' ಎಂದು ತಲೆಬರಹ, ಕೆಳಗೆ ಮೂರು ಪಾಠ. ಮೊದಲನೆಯದು, ಪೆಟ್ಟಿಗೆಯನ್ನು ದಿನಾ ಗೊತ್ತಿರುವ ದಪ್ಪದ ತುಂಡಿನ ಮೇಲೆ ಇಟ್ಟು ನೋಡಬೇಕು. ಎರಡನೆಯದು, ಜೆಲ್ ಹಚ್ಚಲು ಜಿಪುಣತನ ಕೂಡದು. ಮೂರನೆಯದು, ಅರ್ಧ ಬಂದರೆ ಗಾಬರಿಯಾಗಬಾರದು, ಅದು ಲಟ್ಟಿಸಿದ ಪದರ, ನಿರುಪದ್ರವಿ. ಎರಡು ಬೆರಳು ಪಕ್ಕಕ್ಕೆ ಸರಿಸಿ ಒಳ್ಳೆಯ ಅಂಕಿ ಬರೆಯಬೇಕು.

ನಾನು ಎಮ್ಮೆಯ ಕಾಲ ಬುಡದಲ್ಲಿ ಕುಳಿತುಬಿಟ್ಟೆ. ಹೇಳಿದ್ದು ನೆನಪಾಯಿತು. ಒಬ್ಬನಿಗಲ್ಲ, ಮೂವತ್ತೊಂದು ಜನರಿಗೂ ಹೇಳಿದ್ದೆ, ರಾಗವಾಗಿ, ಎರಡು ಬೆರಳು ಎತ್ತಿ ತೋರಿಸಿ. ಗ್ಯಾಸ್ ಸಾಧುವಾಗಿದ್ದ ಕಾಲದಲ್ಲಿ ಆ ಮಾತು ಸರಿಯಾಗಿಯೇ ಇತ್ತು. ಗ್ಯಾಸ್ ಕೆಟ್ಟಿತು, ನನ್ನ ಪಾಠ ಹಾಗೇ ಉಳಿಯಿತು. ಶುಕ್ರವಾರ ಇದೇ ಹದಿನಾಲ್ಕನೆಯ ಸುತ್ತಿನ ಮೇಲೆ ನನ್ನ ಕೈಯೇ ಕೇಳದೆ ಎರಡು ಬೆರಳು ಸರಿದದ್ದು ಆಗ ನೆನಪಿಗೆ ಬಂತು.

ಅಳಿಯ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಪುಸ್ತಕವನ್ನು ಮೂರನೆಯ ಪಾಠ ಕಾಣುವಂತೆ ಅವನ ಮುಂದೆ ಇಟ್ಟೆ. ನೋಡಿದ ಕೂಡಲೇ ಎದ್ದು ನಿಂತ.

"ಅವಳು ಸುಡಲಿಲ್ವಾ?"

"ಸುಟ್ಟಿದ್ರೆ ಇವತ್ತು ನಿನ್ನ ಸರ್ಟಿಫಿಕೇಟ್ ಸುಡ್ತಿತ್ತು. ಯಾಕೋ ಬಾಯಿ ಬಿಡಲಿಲ್ಲ?"

ಅವನು ಪುಸ್ತಕ ಮುಚ್ಚಿದ. "ಶುಕ್ರವಾರ ನೀವು ಹದಿನಾಲ್ಕು ಅಂದಾಗಲೇ ಬಾಣ ಏನು ಅಂತ ಗೊತ್ತಾಯ್ತು. ಪುಸ್ತಕ ತೋರಿಸಿದ್ರೆ ಬಾಣ ಯಾಕೆ ಅಂತ ಕೇಳ್ತಾರೆ. ಬಾಣ ಯಾಕೆ ಅಂದ್ರೆ ಯಾರು ಹೇಳಿಕೊಟ್ಟದ್ದು ಅಂತ ಕೇಳ್ತಾರೆ. ರಿಟೈರ್ ಆಗೋಕೆ ನಿಮಗೆ ಇನ್ನು ಒಂದೇ ವರ್ಷ ಉಳಿದಿರೋದು ಮಾವ. ಮೂವತ್ತು ವರ್ಷದ ಹೆಸರು."

"ನನಗಾದ್ರೂ ಹೇಳಬಹುದಿತ್ತಲ್ಲ!"

"ಹೇಳಿದ್ದೆ" ಎಂದ ಮೆಲ್ಲಗೆ. "ಎರಡು ವರ್ಷದ ಹಿಂದೆ, ನಮ್ಮನೇಲಿ ಊಟಕ್ಕೆ ಕೂತಾಗ. ಅರ್ಧ ಬರೋದು ಜಾಸ್ತಿ ಆಗ್ತಿದೆ, ಎರಡು ಬೆರಳು ಸಾಲ್ತಾ ಇಲ್ಲ ಅಂದೆ. ಕೈ ಸರಿಯಾಗಿ ಇಡೋದು ಕಲಿ, ನಿನ್ನ ಕೈ ಮೇಲೆ ನನಗೆ ಮೊದಲಿಂದಲೂ ಅನುಮಾನ ಅಂದ್ರಿ. ಎಲ್ಲರೂ ನಕ್ಕರು."

ನಾನೂ ನಕ್ಕಿದ್ದೆ. ಮಗಳು ಬಡಿಸುತ್ತಿದ್ದ ಸೌಟು ಕೂಡ ಕಣ್ಣಿಗೆ ಕಟ್ಟಿತು. ತಕ್ಕಡಿ, ಥರ್ಮಾಮೀಟರು, ಬಾಯಿ ಕಾಯುವವನು, ಮ್ಯಾನೇಜರು, ಅಳಿಯ, ಎಲ್ಲರ ಮೇಲೂ ಅನುಮಾನಪಟ್ಟ ನಾನು ನನ್ನ ನಾಲಿಗೆಯನ್ನು ಒಂದು ದಿನವೂ ತಿಳಿದ ದಪ್ಪದ ತುಂಡಿನ ಮೇಲಿಟ್ಟು ನೋಡಿರಲಿಲ್ಲ. ನನಗೆ ಅಳು ಬಂತು. ಅವನು ಮುಖ ಆಚೆ ತಿರುಗಿಸಿಕೊಂಡು ಒರೆಸಿದ ಪೆಟ್ಟಿಗೆಯನ್ನು ಮತ್ತೆ ಒರೆಸಿದ. ಆ ಕ್ಷಣ ಅವನಿಗೆ ಮಾತು ಕಡಿಮೆ ಇದ್ದದ್ದು ಒಳ್ಳೆಯದೇ ಆಯಿತು.

ಫಾರಂ ಅಲ್ಲೇ ಬರೆದೆ. 'ಹಿಂದಿನ ಅಳತೆಗಳು ನಂಬಲು ಅರ್ಹವೇ?' ಎಂಬಲ್ಲಿ, ಅಂಕಿಗಳು ನಿಜ, ಜಾಗ ಬೇರೆ. ಅಳೆದವನ ಪುಸ್ತಕ ಲಗತ್ತಿಸಿದೆ ಎಂದೆ. 'ತಪ್ಪಿಗೆ ಕಾರಣ' ಎಂಬಲ್ಲಿ ಕಲಿಸಿದವನ ಪಾಠ ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಎಮ್ಮೆಗೆ ಮತ್ತೆ ಗ್ಯಾಸ್ ಬಿಡಕೂಡದು, ಕತ್ತರಿಸಬೇಕು ಎಂದೂ ಸೇರಿಸಿದೆ. ಮ್ಯಾನೇಜರ್ ಎರಡು ಸಲ ಓದಿದ.

"ನಿಮ್ಮ ತಲೆ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಲ್ಲ. ಅಳಿಯನನ್ನ ಉಳಿಸೋಕೆ ಮಾಡಿದ್ದು ಅಂತ ಜನ ಅನುಮಾನ ಪಡ್ತಾರೆ."

"ಪಡಲಿ. ಪ್ರಮಾಣಿಸಿ ನೋಡೋದಕ್ಕೆ ಪುಸ್ತಕ ಇದೆ" ಎಂದು ನನ್ನ ಸರ್ಟಿಫಿಕೇಟನ್ನೂ ಅದರ ಮೇಲಿಟ್ಟೆ.

ಆಫೀಸಿಗೆ ಬಂದಾಗ ಅಳಿಯ ನನ್ನ ಮೇಜಿನ ಮುಂದೆ ಕುಳಿತಿದ್ದ. ಗೋಡೆಯ ಗಾದೆಯನ್ನು ನಾನು ಕಿತ್ತೆ, ಅವನು ತಡೆಯಲಿಲ್ಲ. ಡ್ರಾಯರಿನಿಂದ ಶಿಷ್ಯರ ಪಟ್ಟಿ ತೆಗೆದೆ. ಅವನನ್ನು ಬಿಟ್ಟರೆ ಮೂವತ್ತು ಹೆಸರು, ಇಪ್ಪತ್ತಕ್ಕೂ ಹೆಚ್ಚು ಕಾರ್ಖಾನೆ. ಎಷ್ಟು ಕಡೆ ಗ್ಯಾಸ್ ಕೆಟ್ಟಿದೆಯೋ ಯಾರಿಗೆ ಗೊತ್ತು? ಮೊದಲ ಹೆಸರು ನನ್ನ ಅತ್ಯಂತ ಜಾಣ ಶಿಷ್ಯನದು, ನಾನು ಎಂದೂ ಅನುಮಾನಪಡದ ಒಬ್ಬನೇ ಒಬ್ಬ. ಫೋನ್ ಮಾಡಿದೆ. ನನ್ನ ದನಿ ಕೇಳಿ ಅವನಿಗೆ ಬಹಳ ಖುಷಿಯಾಯಿತು.

"ಒಂದು ಪ್ರಶ್ನೆ ಕೇಳ್ತೀನಿ. ಪೆಟ್ಟಿಗೇಲಿ ಅರ್ಧ ಬಂದ್ರೆ ಏನ್ಮಾಡ್ತೀಯಾ?"

"ಮರೀತೀನಾ ಮೇಷ್ಟ್ರೇ?" ಅವನು ನಕ್ಕ, ಆಮೇಲೆ ನನ್ನದೇ ರಾಗದಲ್ಲಿ ಹೇಳಿದ. "ಎರಡು ಬೆರಳು ಪಕ್ಕಕ್ಕೆ! ಇಲ್ಲಿ ನನ್ನ ಕೈಕೆಳಗೆ ಹನ್ನೆರಡು ಜನ ಇದ್ದಾರೆ. ಅವರಿಗೂ ಅದನ್ನೇ ಕಲಿಸಿದ್ದೀನಿ, ನಿಮ್ಮ ಹೆಸರು ಹೇಳಿ."

"ಆ ಹನ್ನೆರಡು ಜನರ ಹೆಸರೂ ಕೊಡು" ಎಂದೆ. ಅಳಿಯ ಪಟ್ಟಿಯ ಕೆಳಗೆ ಜಾಗ ಸಾಲದೆಂದು ಹೊಸ ಹಾಳೆ ತೆಗೆದುಕೊಂಡ.